ಧ್ರುವಪ್ರಭೆಗಿಂತ ಕೆಳಗೆ ಇಳಿಯುವ ಎಲೆಕ್ಟ್ರಾನುಗಳು

ಬಾಹ್ಯಾಕಾಶದ ಎಲೆಕ್ಟ್ರಾನುಗಳೆಂದರೆ ನಮಗೆ ಥಟ್ಟನೆ ನೆನಪಾಗುವುದು ಧ್ರುವಪ್ರಭೆ. ಆ ಬೆಳಕನ್ನು ಹೊತ್ತಿಸುವವು ಹೆಚ್ಚಾಗಿ ಕೆಲವು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಣಗಳು. ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲೇ ಅವುಗಳ ಓಟ ಮುಗಿಯುತ್ತದೆ. ವಾಯುಮಂಡಲದ ರಸಾಯನವನ್ನು ಹೆಚ್ಚು ಆಳದಲ್ಲಿ ಕದಡುವ ಕಣಗಳು ಬೇರೆಯೇ ಇವೆ. ಕಣ್ಣಿಗೆ ಹಬ್ಬವಾಗದ ಕಾರಣಕ್ಕೇ ಅವು ನಮ್ಮ ಗಮನದಿಂದ ತಪ್ಪಿಸಿಕೊಂಡಿವೆ ಎಂಬುದು ನನ್ನ ವಾದ.

1958ರಲ್ಲಿ ಎಕ್ಸ್‌ಪ್ಲೋರರ್-1 ಉಪಗ್ರಹದ ಮಾಪನಗಳಿಂದ ಪತ್ತೆಯಾದ ವ್ಯಾನ್ ಅಲೆನ್ ಪಟ್ಟಿಗಳಲ್ಲಿ ಭಾರಿ ವೇಗದ ಎಲೆಕ್ಟ್ರಾನುಗಳು ಭೂಮಿಯ ಕಾಂತರೇಖೆಗಳಿಗೆ ಸುತ್ತಿಕೊಂಡು ಉತ್ತರ-ದಕ್ಷಿಣವಾಗಿ ಓಡಾಡುತ್ತಿರುತ್ತವೆ. ಅಲ್ಲಿ ಏಳುವ ವಿದ್ಯುತ್ಕಾಂತೀಯ ಅಲೆಗಳು ಕೆಲವು ಕಣಗಳ ಚಲನೆಯ ಕೋನವನ್ನು ಬದಲಿಸಿದರೆ, ಅವು ಹಿಂತಿರುಗಲಾರದೆ ಧ್ರುವಗಳ ಸುತ್ತಲಿನ ವಾಯುಮಂಡಲಕ್ಕೆ ನುಗ್ಗುತ್ತವೆ. ದಾರಿಯಲ್ಲಿ ಸಿಕ್ಕ ಸಾರಜನಕ, ಆಮ್ಲಜನಕದ ಅಣುಗಳಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನುಗಳನ್ನಾಗಿಸುತ್ತವೆ. ಇಂಥ ಒಂದು ಅಯಾನು-ಎಲೆಕ್ಟ್ರಾನ್ ಜೋಡಿಗೆ ಖರ್ಚಾಗುವುದು ಸರಾಸರಿ 35 ಎಲೆಕ್ಟ್ರಾನ್ ವೋಲ್ಟ್. ಎಂದರೆ ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಒಂದೇ ಎಲೆಕ್ಟ್ರಾನ್ ಸುಮಾರು ಮೂರು ಸಾವಿರ ಜೋಡಿಗಳನ್ನು ಹುಟ್ಟಿಸಬಲ್ಲದು. ಅದು ಇಳಿಯುವ ಆಳ ಸುಮಾರು 80 ಕಿಲೋಮೀಟರ್ ಎತ್ತರದವರೆಗೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿನದಾದರೆ 60 ಕಿಲೋಮೀಟರಿನ ಆಸುಪಾಸಿಗೂ ಬರುತ್ತದೆ.

ಸೂರ್ಯನ ಬೆಳಕು ತರುವ ಶಕ್ತಿಯ ಮುಂದೆ ಇದು ಯಾವ ಲೆಕ್ಕ ಎಂದು ಕೇಳಬಹುದು. ಒಟ್ಟು ಮೊತ್ತದಲ್ಲಿ ಈ ಆಕ್ಷೇಪ ಸರಿ. ಆದರೆ ತಿಂಗಳುಗಟ್ಟಲೆ ಸೂರ್ಯನೇ ಕಾಣದ ಧ್ರುವದ ಚಳಿಗಾಲದಲ್ಲಿ, ಅಷ್ಟು ಎತ್ತರದ ವಿರಳ ಗಾಳಿಯಲ್ಲಿ, ಅಯಾನು ಹುಟ್ಟಿಸುವ ಬೇರೆ ಬಲವಾದ ಮೂಲಗಳು ಅಪರೂಪ. ಇದು ಊಹೆಯೂ ಅಲ್ಲ. ಆಕಾಶಗಂಗೆಯಿಂದ ಬರುವ ರೇಡಿಯೋ ಸದ್ದು ಎಷ್ಟು ಕುಗ್ಗಿತು ಎಂದು ಅಳೆಯುವ ರಿಯೋಮೀಟರುಗಳು ಈ ಅಯಾನೀಕರಣವನ್ನು ದಶಕಗಳಿಂದ ದಾಖಲಿಸುತ್ತಿವೆ. ಎಲೆಕ್ಟ್ರಾನುಗಳು ಗಾಳಿಯಲ್ಲಿ ತಡೆಯಲ್ಪಟ್ಟಾಗ ಹೊಮ್ಮುವ ಎಕ್ಸ್-ಕಿರಣಗಳನ್ನು ಅಂಟಾರ್ಕ್ಟಿಕಾದ ಮೇಲೆ ಹಾರಿಸಿದ ಬಲೂನುಗಳೂ ಹಿಡಿದಿವೆ.

ಅಯಾನುಗಳು ಬೇಗನೆ ಮತ್ತೆ ಕೂಡಿಕೊಳ್ಳುತ್ತವೆ, ನಿಜ. ಆದರೆ ಆ ಸರಣಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮತ್ತು ಹೈಡ್ರಾಕ್ಸಿಲ್ ಓಝೋನನ್ನು ಒಡೆಯುತ್ತವೆ. 70-80 ಕಿಲೋಮೀಟರ್ ಎತ್ತರದಲ್ಲಿ ಕೆಲವು ದಿನಗಳ ಮಟ್ಟಿಗೆ ಓಝೋನ್ ಶೇ. 90ರವರೆಗೂ ಕುಸಿಯಬಹುದೆಂದು ಉಪಗ್ರಹಗಳ ಮಾಹಿತಿ ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮನ್ನು ನೇರಳಾತೀತ ಕಿರಣದಿಂದ ಕಾಯುವ ಓಝೋನ್ ಪದರ ಇದಕ್ಕಿಂತ ಬಹಳ ಕೆಳಗಿದೆ. ಕ್ಲೋರೋಫ್ಲೋರೋಕಾರ್ಬನ್‌ಗಳು ಅದಕ್ಕೆ ಮಾಡಿದ ಹಾನಿಯೊಂದಿಗೆ ಇದನ್ನು ಸಮೀಕರಿಸಬಾರದು. ಆದರೂ ಮೇಲಿನ ಈ ಕುಸಿತಕ್ಕೂ ಕೆಳಗಿನ ಓಝೋನಿಗೂ ನಂಟೇ ಇಲ್ಲವೆನ್ನಲಾಗದು. ಬಿಸಿಲಿಲ್ಲದ ಚಳಿಗಾಲದಲ್ಲಿ ನೈಟ್ರಿಕ್ ಆಕ್ಸೈಡ್ ನಾಶವಾಗದೆ ಉಳಿದು, ಧ್ರುವದ ಸುಳಿಗಾಳಿಯೊಳಗೆ ವಾರಗಟ್ಟಲೆ ಕೆಳಗಿಳಿದು, 50 ಕಿಲೋಮೀಟರಿಗಿಂತ ಕೆಳಗಿನ ಓಝೋನನ್ನೂ ಮುಟ್ಟುತ್ತದೆ. ಓಝೋನ್ ಕಡಿಮೆಯಾದರೆ ಅಲ್ಲಿನ ತಾಪಮಾನ ಬದಲಾಗುತ್ತದೆ, ಅದರಿಂದ ಗಾಳಿಯ ಹರಿವೂ ಬದಲಾಗುತ್ತದೆ. ಇತ್ತೀಚಿನ ಜಾಗತಿಕ ಹವಾಮಾನ ಮಾದರಿಗಳಿಗೆ ಕೊಡುವ ಸೂರ್ಯನ ಲೆಕ್ಕದಲ್ಲಿ ಈ ಕಣಗಳನ್ನೂ ಸೇರಿಸಿರುವುದು ಇದೇ ಕಾರಣಕ್ಕೆ.