ಮುಪ್ಪಿಗೆ ತೆರುವ ಬೆಲೆ

ಇಂಗ್ಲೆಂಡಿನ ಯಾವುದೋ ಒಂದು ಊರಿನ ಒಂದೇ ಬೀದಿಯಲ್ಲಿ, ಅಕ್ಕಪಕ್ಕದ ಮನೆಗಳಲ್ಲಿರುವ ಇಬ್ಬರು ವೃದ್ಧರನ್ನು ಊಹಿಸಿಕೊಳ್ಳೋಣ. ಇಬ್ಬರೂ ಎಂಬತ್ತನ್ನು ದಾಟಿದವರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡು ಒಂಟಿಯಾದವರು. ದುಡಿಯುವ ಕಾಲದಲ್ಲಿ ಸಮನಾಗಿ ತೆರಿಗೆ ಕಟ್ಟಿ, ಹೊಟ್ಟೆಬಟ್ಟೆ ಕಟ್ಟಿ, ತಮ್ಮದೆಂಬ ಒಂದು ಸೂರು ಮಾಡಿಕೊಂಡವರು. ಮೊದಲನೆಯವರಿಗೆ ಅರ್ಬುದ ರೋಗ ತಗುಲಿತು. ಶಸ್ತ್ರಚಿಕಿತ್ಸೆ, ಔಷಧ, ದಾದಿಯರ ಶುಶ್ರೂಷೆ ಎಲ್ಲವನ್ನೂ ರಾಷ್ಟ್ರೀಯ ಆರೋಗ್ಯ ಸೇವೆಯೇ ಒದಗಿಸಿತು. ಚಿಕಿತ್ಸೆಗೆಂದು ಅವರು ಒಂದು ಪೆನ್ನಿಯನ್ನೂ ತೆರಬೇಕಾಗಲಿಲ್ಲ.

ಎರಡನೆಯವರಿಗೆ ಬಂದದ್ದು ಮರೆವಿನ ಕಾಯಿಲೆ. ಒಲೆ ಹಚ್ಚಿದ್ದು ನೆನಪಿರದು. ಹೊರಗೆ ಹೋದರೆ ಮನೆಯ ದಾರಿ ತಿಳಿಯದು. ಎದುರಿಗೆ ನಿಂತ ಮಗಳ ಮುಖವೂ ಅಪರಿಚಿತ. ಅವರಿಗೆ ಬೇಕಾದದ್ದು ಕತ್ತರಿಯೂ ಅಲ್ಲ, ಸೂಜಿಯೂ ಅಲ್ಲ. ಉಣಿಸುವ, ಮೀಯಿಸುವ, ಹಗಲಿರುಳು ಬಳಿಯಲ್ಲಿರುವ ಒಂದು ಜೀವ ಬೇಕು. ಕೊನೆಗೆ ಅವರನ್ನು ಒಂದು ಆರೈಕೆ ನಿವಾಸಕ್ಕೆ ಸೇರಿಸಬೇಕಾಯಿತು. ಅಂಥ ಕಡೆ ವಾರದ ಶುಲ್ಕ ಸಾವಿರ ಪೌಂಡುಗಳನ್ನು ಮುಟ್ಟುವುದು ಇಂದು ಅಪೂರ್ವವಲ್ಲ. ಆ ಶುಲ್ಕಕ್ಕೆ ಅವರು ಬಾಳೆಲ್ಲ ದುಡಿದು ಕಟ್ಟಿದ ಮನೆಯೇ ಗತಿಯಾಯಿತು.

ಇಬ್ಬರ ತಪ್ಪೂ ಏನಿಲ್ಲ. ಒಬ್ಬರ ಸಂಕಟವನ್ನು ಸರಕಾರ 'ರೋಗ'ವೆಂದು ಕರೆಯಿತು. ಇನ್ನೊಬ್ಬರ ಸಂಕಟವನ್ನು 'ಆರೈಕೆ'ಯ ಅಗತ್ಯವೆಂದು ಕರೆಯಿತು. ಈ ಎರಡು ಹೆಸರುಗಳ ನಡುವೆ ಇಂಗ್ಲೆಂಡಿನಲ್ಲಿ ಮುಕ್ಕಾಲು ಶತಮಾನಕ್ಕೂ ಮಿಕ್ಕ ಹಳೆಯ ಗೋಡೆಯೊಂದಿದೆ.

ಒಂದೇ ದಿನ, ಎರಡು ದಾರಿ

ಗೋಡೆ ಎದ್ದದ್ದು 1948ನೆಯ ಇಸವಿಯ ಜುಲೈ 5ರಂದು. ಅಂದೇ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಂದೇ ರಾಷ್ಟ್ರೀಯ ನೆರವಿನ ಕಾಯಿದೆಯೂ ಜಾರಿಗೆ ಬಂದು, ಶತಮಾನಗಳಿಂದ ನಡೆದುಬಂದಿದ್ದ 'ಬಡವರ ಕಾನೂನು' ಕೊನೆಗೊಂಡಿತು. ನಿರ್ಗತಿಕ ಮುದುಕರನ್ನು ದುಡಿಮೆಯ ಮನೆಗಳಿಗೆ ತಳ್ಳುತ್ತಿದ್ದ ಆ ಹಳೆಯ ಕಾನೂನಿನ ಹೆಸರು ಕೇಳಿದರೆ ಬಡವರು ನಡುಗುತ್ತಿದ್ದರು. ಇನ್ನು ಮುಂದೆ ವೃದ್ಧರು ಅನುಕೂಲಸ್ಥರು ಹೋಟಲುಗಳಲ್ಲಿ ನೆಲಸುವಂತೆ, ಮರ್ಯಾದೆಯಿಂದ ಸಣ್ಣ ಸಣ್ಣ ನಿವಾಸಗಳಲ್ಲಿ ಇರಬಹುದೆಂದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಭರವಸೆಯಿತ್ತರು.

ಆದರೆ ಆ ದಿನ ಹುಟ್ಟಿದ ಎರಡು ವ್ಯವಸ್ಥೆಗಳು ಅವಳಿಗಳಂತೆ ಬೆಳೆಯಲಿಲ್ಲ. ಆಸ್ಪತ್ರೆಯ ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು. ವೃದ್ಧರ ಆರೈಕೆಯು ಸ್ಥಳೀಯ ಸಂಸ್ಥೆಗಳ ಪಾಲಿಗೆ ಹೋಗಿ, ಆದಾಯ ಆಸ್ತಿಗಳನ್ನು ತೂಗಿನೋಡಿ ಶುಲ್ಕ ಪಡೆಯುವ ಪದ್ಧತಿ ಉಳಿಯಿತು. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 173 ನಿವಾಸಗಳನ್ನು ಸಂದರ್ಶಿಸಿ, 1962ರಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಹೊಸ ಕಾಯಿದೆ ಬಂದು ದಶಕ ಕಳೆದರೂ ಎಷ್ಟೋ ಮುದುಕರು ಹಳೆಯ ದುಡಿಮೆಯ ಮನೆಗಳ ಕಟ್ಟಡಗಳಲ್ಲೇ ದಿನ ದೂಡುತ್ತಿದ್ದುದನ್ನು ಅದು ಜನರ ಕಣ್ಣಿಗೆ ತೋರಿಸಿತು.

ಇಂದಿನ ಲೆಕ್ಕಾಚಾರ ಹೀಗಿದೆ: ಇಂಗ್ಲೆಂಡಿನಲ್ಲಿ 23,250 ಪೌಂಡುಗಳಿಗಿಂತ ಹೆಚ್ಚಿನ ಆಸ್ತಿಯುಳ್ಳವರು ತಮ್ಮ ಆರೈಕೆಯ ವೆಚ್ಚವನ್ನು ತಾವೇ ಭರಿಸಬೇಕು. 2010ರಲ್ಲಿ ಗೊತ್ತುಮಾಡಿದ ಈ ಮಿತಿ, ಬೆಲೆಗಳೆಲ್ಲ ಗಗನಕ್ಕೇರಿದ ಮೇಲೂ ಹದಿನೈದು ವರ್ಷ ಕದಲಲಿಲ್ಲ. ಸ್ವಂತ ಮನೆಯಲ್ಲೇ ಇದ್ದು ನೆರವು ಪಡೆದರೆ ಆ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿವಾಸಕ್ಕೆ ಶಾಶ್ವತವಾಗಿ ಸೇರಿದರೆ ಹಿಡಿಯುತ್ತಾರೆ. ಗಂಡನೋ ಹೆಂಡತಿಯೋ ಅಲ್ಲೇ ವಾಸವಾಗಿದ್ದರೆ ವಿನಾಯಿತಿ ಉಂಟು. ತೀವ್ರ ವೈದ್ಯಕೀಯ ಅಗತ್ಯವುಳ್ಳವರೆಂದು ನಿರ್ಣಯವಾದ ಕೆಲವರ ವೆಚ್ಚವನ್ನು ಆರೋಗ್ಯ ಸೇವೆಯೇ ಹೊರುವುದೂ ಉಂಟಾದರೂ, ಆ ನಿರ್ಣಯ ಪಡೆಯುವುದು ಸುಲಭವಲ್ಲ. ನೆರೆಯ ಸ್ಕಾಟ್ಲೆಂಡು ಬೇರೆ ದಾರಿ ಹಿಡಿಯಿತು. ಅರವತ್ತೈದು ದಾಟಿದವರನ್ನು ಮೀಯಿಸುವ, ಉಡಿಸುವ, ಉಣಿಸುವ ಆರೈಕೆಗೆ ಅಲ್ಲಿ 2002ರಿಂದ ಶುಲ್ಕವಿಲ್ಲ.

ಮುಂದಕ್ಕೆ ಹೋದ ಮಾತು

ಅನ್ಯಾಯ ಯಾರಿಗೂ ತಿಳಿಯದೆ ಇರಲಿಲ್ಲ. ಅರ್ಥಶಾಸ್ತ್ರಜ್ಞ ಆಂಡ್ರೂ ಡಿಲ್‌ನಾಟ್ ಅವರ ಆಯೋಗವು 2011ರಲ್ಲಿ ಸರಳವಾದ ಉಪಾಯವೊಂದನ್ನು ಸೂಚಿಸಿತು. ಅರವತ್ತೈದರ ವಯಸ್ಸಿನ ಹತ್ತು ಜನರಲ್ಲಿ ಒಬ್ಬರಿಗೆ ಉಳಿದ ಆಯುಷ್ಯದ ಆರೈಕೆಗೆ ಲಕ್ಷ ಪೌಂಡಿಗೂ ಹೆಚ್ಚು ಖರ್ಚು ಬರುತ್ತದೆ. ಆ ಒಬ್ಬರು ತಾವೇ ಎಂಬುದು ಯಾರಿಗೂ ಮೊದಲೇ ತಿಳಿಯದು. ಆದುದರಿಂದ ಜೀವಮಾನದ ವೆಚ್ಚಕ್ಕೆ 35,000 ಪೌಂಡುಗಳಷ್ಟು ಎಲ್ಲೆ ಕಟ್ಟಿ, ಮಿಕ್ಕಿದ್ದನ್ನು ಸರಕಾರವೇ ಹೊರಲಿ ಎಂಬುದು ಸಲಹೆ.

2014ರ ಆರೈಕೆ ಕಾಯಿದೆಯಲ್ಲಿ ಎಲ್ಲೆಯ ತತ್ತ್ವಕ್ಕೆ ಸ್ಥಾನ ದೊರೆಯಿತು. ಮೊತ್ತ 72,000 ಪೌಂಡಿಗೆ ಏರಿತು. 2016ಕ್ಕೆ ಜಾರಿಯಾಗಬೇಕಾದದ್ದು ಮುಂದಕ್ಕೆ ಹೋಗಿ, ಕೊನೆಗೆ ಬಿದ್ದೇ ಹೋಯಿತು. 2021ರಲ್ಲಿ ಮತ್ತೆ 86,000 ಪೌಂಡುಗಳ ಎಲ್ಲೆ ಘೋಷಣೆಯಾಯಿತು. ಅದನ್ನೂ 2025ಕ್ಕೆ ಮುಂದೂಡಿದರು. 2024ರ ಜುಲೈನಲ್ಲಿ ಹೊಸ ಸರಕಾರ ರದ್ದುಮಾಡಿತು. 2025ರ ಜನವರಿಯಲ್ಲಿ ಲೂಯಿಸ್ ಕೇಸಿ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗದ ಘೋಷಣೆಯಾಯಿತು. ಅದರ ಅಂತಿಮ ವರದಿಗೆ ಇಟ್ಟ ಗಡುವು 2028. ಎಂಬತ್ತೈದರ ಮುದುಕರಿಗೆ ಇಂಥ ಗಡುವುಗಳನ್ನು ಕಾಯುವಷ್ಟು ಕಾಲವಿರುವುದೆ?

ಯಾರ ಹೆಗಲಿನ ಮೇಲೆ?

ಸರಕಾರ ಹೊರದ ಭಾರ ಆಕಾಶದಲ್ಲಿ ತೂಗಾಡುವುದಿಲ್ಲ. ಯಾರದಾದರೂ ಹೆಗಲಿನ ಮೇಲೆ ಬಂದು ಕೂರುತ್ತದೆ. ಮೊದಲ ಹೆಗಲು ಮನೆಯವರದು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು ಐವತ್ತು ಲಕ್ಷ ಜನ ತಾವು ಸಂಬಳವಿಲ್ಲದೆ ಇನ್ನೊಬ್ಬರ ಆರೈಕೆ ಮಾಡುತ್ತಿರುವುದಾಗಿ ಹೇಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು.

ಇಂಥವರಿಗೆಂದು 1976ರಲ್ಲಿ ಭತ್ಯವೊಂದು ಆರಂಭವಾದಾಗ ವಿವಾಹಿತ ಸ್ತ್ರೀಯರಿಗೆ ಅದು ಸಲ್ಲಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುವವರಷ್ಟೆ ಎಂಬುದು ಆಗಿನ ತರ್ಕ! ಜಾಕ್ವೆಲಿನ್ ಡ್ರೇಕ್ ಎಂಬ ಗೃಹಿಣಿ ಅಶಕ್ತಳಾದ ತಾಯಿಯನ್ನು ನೋಡಿಕೊಳ್ಳಲು ಉದ್ಯೋಗ ಬಿಟ್ಟವರು. ಅವರು ನ್ಯಾಯಕ್ಕಾಗಿ ಯೂರೋಪಿನ ನ್ಯಾಯಾಲಯದವರೆಗೂ ಹೋದರು. 1986ರ ಜೂನ್ ತಿಂಗಳಲ್ಲಿ ತೀರ್ಪು ಅವರ ಪರವಾಗಿ ಬಂದಿತು; ಸೋಲನ್ನು ಮುಂಗಂಡ ಸರಕಾರ ತೀರ್ಪಿನ ಹಿಂದಿನ ದಿನವೇ ನಿಯಮ ಬದಲಿಸುವುದಾಗಿ ಸಾರಿತು. ಆದರೂ ಭತ್ಯ ಇಂದಿಗೂ ಅಲ್ಪವೇ. 2025ರಲ್ಲಿ ಅದು ವಾರಕ್ಕೆ 83.30 ಪೌಂಡು. ಅದಕ್ಕೆ ಕನಿಷ್ಠ 35 ಗಂಟೆಗಳ ಆರೈಕೆ ಮಾಡಿರಬೇಕು. ಭಾಗಿಸಿದರೆ ಗಂಟೆಗೆ ಎರಡೂವರೆ ಪೌಂಡೂ ಆಗದು. ಅದೇ ವರ್ಷ ದೇಶದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು.

ಎರಡನೆಯ ಹೆಗಲು ಕೂಲಿಗೆ ಬರುವ ಪರಿಚಾರಕಿಯದು. ಮುದುಕಿಯೊಬ್ಬಳನ್ನು ಎಬ್ಬಿಸಿ, ಮೈ ತೊಳೆಸಿ, ಉಪಾಹಾರ ಕೊಟ್ಟು ಮುಂದಿನ ಮನೆಗೆ ಓಡಲು ಕೆಲವೊಮ್ಮೆ ಆಕೆಗೆ ಸಿಗುವುದು ಕಾಲು ಗಂಟೆ. ಮನೆಯಿಂದ ಮನೆಗೆ ಹೋಗುವ ಹೊತ್ತಿಗೆ ಎಷ್ಟೋ ಕಡೆ ಸಂಬಳವಿಲ್ಲ. ಅಂಗಡಿಯ ಕಪಾಟಿಗೆ ಡಬ್ಬಿ ಜೋಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಹಣ ಬರುವಾಗ ಈ ಕೆಲಸದಲ್ಲಿ ನಿಲ್ಲುವವರು ಯಾರು? 2021-22ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1,65,000 ಆರೈಕೆಯ ಹುದ್ದೆಗಳು ಖಾಲಿ ಬಿದ್ದಿದ್ದವು. ಇದರ ಬಿಸಿ ಆಸ್ಪತ್ರೆಗಳಿಗೂ ತಟ್ಟಿತು. ಗುಣವಾದ ಮೇಲೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಹಾಸಿಗೆಯಲ್ಲೇ ಉಳಿದವರ ಸಂಖ್ಯೆ ಚಳಿಗಾಲದ ದಿನಗಳಲ್ಲಿ ಹತ್ತು ಸಾವಿರವನ್ನು ಮೀರಿತು. ಗೋಡೆಯ ಆಚೆ ಉಳಿಸಿದ ಹಣ ಈಚೆ ಸೋರಿಹೋಯಿತು.

ಸಮುದ್ರದಾಚೆಯಿಂದ ಬಂದ ಕೈಗಳು

ಈ ಕೊರತೆ ತುಂಬಲು 2022ರ ಫೆಬ್ರವರಿಯಲ್ಲಿ ಬ್ರಿಟನ್ ಹೊರದೇಶದ ಪರಿಚಾರಕರಿಗೆ ಬಾಗಿಲು ತೆರೆಯಿತು. ನೈಜೀರಿಯ, ಜಿಂಬಾಬ್ವೆಗಳಂತೆ ಭಾರತದಿಂದಲೂ ಸಾವಿರಾರು ಜನ ಹೋದರು. ಹೊಲವನ್ನೋ ಒಡವೆಯನ್ನೋ ಅಡವಿಟ್ಟು ದಲ್ಲಾಳಿಗಳಿಗೆ ಹಣ ಸುರಿದು ಹೋದವರೂ ಇದ್ದರು. ಹಲವರಿಗೆ ಅಲ್ಲಿಗೆ ಹೋದಮೇಲೆ ಹೇಳಿದ ಕೆಲಸವೇ ಇರಲಿಲ್ಲ. 2022ರಿಂದ 2024ರವರೆಗೆ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳು ಹೊರಗಿನವರನ್ನು ಕರೆಸುವ ಪರವಾನಗಿ ಕಳೆದುಕೊಂಡವು. 2024ರ ಮಾರ್ಚಿಯಿಂದ ಹೊಸದಾಗಿ ಬರುವ ಪರಿಚಾರಕರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲವೆಂದಾಯಿತು. 2025ರ ಜುಲೈ 22ರಂದು ಹೊರದೇಶದ ಹೊಸ ನೇಮಕದ ಬಾಗಿಲೇ ಮುಚ್ಚಿತು.

ಕತ್ತಲೆಯೊಂದೇ ಅಲ್ಲ

ಹಾಗೆಂದು ಈ ಚಿತ್ರದಲ್ಲಿ ಬೆಳಕೇ ಇಲ್ಲವೆನ್ನುವಂತಿಲ್ಲ. ಆರೈಕೆ ಬೇಕಾದವರು ಮುದುಕರಷ್ಟೇ ಅಲ್ಲ. ಅಂಗವೈಕಲ್ಯವುಳ್ಳ ಯುವಕ ಯುವತಿಯರೂ ಉಂಟು. ಅವರ ಹೋರಾಟದ ಫಲವಾಗಿ ಬಂದ 1996ರ ಕಾಯಿದೆಯಂತೆ, ಸ್ಥಳೀಯ ಸಂಸ್ಥೆ ನೆರವಿನ ಹಣವನ್ನು ನೇರವಾಗಿ ಅವರ ಕೈಗೇ ಕೊಡಬಹುದು. ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂಬುದನ್ನು ಅವರೇ ನಿರ್ಧರಿಸಬಹುದು. 2000ದಿಂದ ಈ ಸೌಲಭ್ಯ ವೃದ್ಧರಿಗೂ ದೊರೆಯಿತು. ಆಸ್ಪತ್ರೆಯಿಂದ ಬಂದವರಿಗೆ ಮತ್ತೆ ತಾವೇ ನಡೆಯುವ, ಅಡಿಗೆ ಮಾಡುವ ಶಕ್ತಿ ಮರಳಲೆಂದು ಆರು ವಾರಗಳವರೆಗೆ ಉಚಿತ ನೆರವು ನೀಡುವ ಏರ್ಪಾಡೂ ಇದೆ. ಇಂದು ಒಬ್ಬರು ಎದ್ದು ನಡೆದರೆ ನಾಳೆಯ ಒಂದು ನಿವಾಸದ ಖರ್ಚು ಉಳಿಯಿತೆಂಬುದು ಇದರ ಹಿಂದಿನ ವಿವೇಕ. ಪರಿಚಾರಕರ ವೇತನವನ್ನು ಒಪ್ಪಂದದ ಮೂಲಕ ಏರಿಸುವ ಯೋಜನೆಯನ್ನೂ 2025ರಲ್ಲಿ ಸರಕಾರ ಪ್ರಕಟಿಸಿ, 2028ರ ಗುರಿ ಇಟ್ಟುಕೊಂಡಿತು.

ಹಣದ ಪ್ರಶ್ನೆಗೂ ಉತ್ತರ ಕಂಡವರಿದ್ದಾರೆ. ಜರ್ಮನಿ 1995ರಲ್ಲಿ ಆರೈಕೆಯ ವಿಮೆಯನ್ನು ಕಡ್ಡಾಯಮಾಡಿತು. 2000ದಲ್ಲಿ ಜಪಾನು ಅದೇ ಹಾದಿ ಹಿಡಿದು, ನಲವತ್ತು ದಾಟಿದವರೆಲ್ಲ ವಂತಿಗೆ ಕಟ್ಟಬೇಕೆಂದಿತು. ಅಲ್ಲಿಯೂ ತೊಡಕುಗಳು ಇಲ್ಲದಿಲ್ಲ. ಆದರೆ ಮುಪ್ಪೆಂಬುದು ಎಲ್ಲರಿಗೂ ಬರುವ ಕಾಲ, ಅದರ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬುದನ್ನು ಆ ದೇಶಗಳು ಒಪ್ಪಿಕೊಂಡವು. ಇಂಗ್ಲೆಂಡು ರೋಗದ ವಿಷಯದಲ್ಲಿ 1948ರಲ್ಲೇ ಒಪ್ಪಿದ ಮಾತಿದು. ಮುಪ್ಪಿನ ವಿಷಯದಲ್ಲಿ ಒಪ್ಪುವುದೊಂದು ಬಾಕಿ.

ಇದನ್ನೋದುವ ಕನ್ನಡದ ಮನೆಗಳಿಗೆ ಇದು ದೂರದ ಕಥೆಯೆನಿಸಬಹುದು. ಆದರೆ ಭಾರತದ ಎಷ್ಟೋ ಮನೆಗಳಿಂದ ಮಗಳೋ ಸೊಸೆಯೋ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಮುದುಕಿಯೊಬ್ಬಳ ತಲೆ ಬಾಚುತ್ತಿದ್ದಾಳೆ, ತುತ್ತು ಕೊಡುತ್ತಿದ್ದಾಳೆ. ಅತ್ತ ಆ ಮುದುಕಿ ಆಕೆಯ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾಳೆ. ಇತ್ತ ಆಕೆಯ ಸ್ವಂತ ತಾಯಿ, ಸಂಜೆಯ ದೀಪ ಹಚ್ಚಿ, ದೂರವಾಣಿಯ ಕರೆಗಾಗಿ ಕಾಯುತ್ತಿರುತ್ತಾಳೆ. ಇಬ್ಬರು ತಾಯಂದಿರ ನಡುವೆ ಹಂಚಿಹೋದ ಆ ಮಗಳ ದುಡಿಮೆಗೆ ಬೆಲೆ ಕಟ್ಟಲು ಇನ್ನೂ ಯಾವ ಆಯೋಗಕ್ಕೂ ಸಾಧ್ಯವಾಗಿಲ್ಲ.