ಎಂಟನೇ ತರಗತಿಯ ಒಂದು ಪರೀಕ್ಷೆ, ನಾಲ್ಕು ವರ್ಷದ ಆಸರೆ: ಎನ್‌ಎಂಎಂಎಸ್ ಬಗ್ಗೆ ಶ್ರಾವಕ ಕುಟುಂಬಗಳು ತಿಳಿದಿರಬೇಕಾದದ್ದು

ಗದಗ ತಾಲ್ಲೂಕಿನ ಕೋಟುಮಚಗಿಗೆ ವಿದ್ಯೆಯ ಹಳೆಯ ನೆನಪಿದೆ. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1012ರ ಇಲ್ಲಿನ ಶಾಸನವು ಅಗ್ರಹಾರದಲ್ಲಿ ಪಾಠ ಹೇಳುವವರಿಗೆ ಭೂಮಿ ಬಿಟ್ಟುಕೊಟ್ಟ ಸಂಗತಿಯನ್ನು ದಾಖಲಿಸಿದೆ. ಇದೇ ತಾಲ್ಲೂಕಿನ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯೂ ಆ ಕಾಲದವಳೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆಕೆಯ ಶಾಸ್ತ್ರದಾನವನ್ನು ಸಮಾಜ ಇಂದಿಗೂ ನೆನೆಯುತ್ತದೆ.

ಕಲಿಕೆಯಲ್ಲಿ ಜೈನರು ಮುಂದಿದ್ದಾರೆ ಎಂಬ ಮಾತಿಗೆ ಆಧಾರವಿದೆ. 2001ರ ಜನಗಣತಿಯಲ್ಲಿ ದೇಶದ ಒಟ್ಟು ಸಾಕ್ಷರತೆ ಶೇ. 64.8 ಇದ್ದಾಗ ಜೈನರದು ಶೇ. 94.1 ಇತ್ತು. ಆದರೆ ಇದು ಸರಾಸರಿ. ಮುಂಬೈಯ ವ್ಯಾಪಾರಿಯ ಮಗಳೂ ಒಣಬೇಸಾಯ ನಂಬಿದ ಹಳ್ಳಿಯ ರೈತನ ಮಗನೂ ಒಂದೇ ಲೆಕ್ಕದಲ್ಲಿ ಸೇರಿರುತ್ತಾರೆ. ಓದು ಬರಹ ಬಲ್ಲವರ ಸಂಖ್ಯೆಯಿಂದ ಮಗು ಎಷ್ಟು ಕಲಿತಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಸಮಯ, ಒಂದೇ ಅಳತೆ ಇರುವ ಪರೀಕ್ಷೆ ಬೇಕು. ಅಂಥದ್ದೊಂದು ಎನ್‌ಎಂಎಂಎಸ್, ಅಂದರೆ ರಾಷ್ಟ್ರೀಯ ಸಾಧನೆ ಹಾಗೂ ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆ.

ಯಾರು ಬರೆಯಬಹುದು?

ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಈ ಯೋಜನೆ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೇ ತರಗತಿ ಓದುವವರಿಗೆ ಮೀಸಲು. ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು, ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಖಾಸಗಿ ಅನುದಾನರಹಿತ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ ಹಾಗೂ ಊಟ ವಸತಿ ನೀಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಅವಕಾಶವಿಲ್ಲ.

ಇದು ಅಲ್ಪಸಂಖ್ಯಾತರ ವಿದ್ಯಾರ್ಥಿವೇತನವಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ದೊರೆತ ಅಲ್ಪಸಂಖ್ಯಾತ ಮಾನ್ಯತೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಆದಾಯ ಮತ್ತು ಮಗುವಿನ ಅಂಕ.

ಪರೀಕ್ಷೆ ಹೇಗಿರುತ್ತದೆ?

ತಲಾ 90 ಪ್ರಶ್ನೆಗಳ, 90 ನಿಮಿಷಗಳ ಎರಡು ಪತ್ರಿಕೆಗಳು. ಮೊದಲನೆಯದು ಬೌದ್ಧಿಕ ಸಾಮರ್ಥ್ಯದ್ದು: ಸಂಖ್ಯಾಸರಣಿ, ಹೋಲಿಕೆ, ಗುಂಪಿಗೆ ಸೇರದ ಪದ, ಚಿತ್ರದಲ್ಲಿ ಅಡಗಿದ ಆಕೃತಿ. ಎರಡನೆಯದು ಏಳು ಮತ್ತು ಎಂಟನೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನ, ಗಣಿತ. ಪತ್ರಿಕೆ ಕನ್ನಡದಲ್ಲೂ ಇರುತ್ತದೆ.

ಎರಡೂ ಪತ್ರಿಕೆ ಸೇರಿ ಶೇ. 40 ಅಂಕ ಬಂದರೆ ಅರ್ಹತೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 32. ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನಗಳಿದ್ದು, ಕರ್ನಾಟಕದ ಪಾಲು 5,534. ಅಂಕಗಳ ಕ್ರಮದಲ್ಲಿ ಆಯ್ಕೆ ನಡೆಯುವುದರಿಂದ ಶೇ. 40 ಬಂತೆಂದು ನಿಶ್ಚಿಂತರಾಗುವಂತಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಗು ದಡ್ಡ ಎಂದೂ ಅರ್ಥವಲ್ಲ. ಯಾವ ಪತ್ರಿಕೆಯಲ್ಲಿ ಅಂಕ ಕಡಿಮೆಯಾಯಿತು ಎಂದು ನೋಡಿದರೆ ಮುಂದಿನ ಎಸ್‌ಎಸ್‌ಎಲ್‌ಸಿಗೆ ಎಲ್ಲಿ ಗಮನ ಕೊಡಬೇಕೆಂದು ತಿಳಿಯುತ್ತದೆ.

ಸಿಗುವುದೇನು, ಕೈತಪ್ಪುವುದು ಹೇಗೆ?

ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ತಿಂಗಳಿಗೆ 1,000 ರೂಪಾಯಿ, ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ. ಹತ್ತರ ನಂತರ ಬಸ್ ಖರ್ಚಿಗೆ ಹೆದರಿ ಹೆಣ್ಣುಮಗಳ ಓದು ನಿಲ್ಲಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಆಯ್ಕೆಯಾದ ಮೇಲೂ ಎಚ್ಚರ ಬೇಕು. ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬೇಕು. ಎಂಟು ಮುಗಿದೊಡನೆ ಮಗುವನ್ನು ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದರೆ ಹಣ ನಿಲ್ಲುತ್ತದೆ.

ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಆದ್ದರಿಂದ ಪಾಲಕರು ಶಾಲೆ ಆರಂಭವಾದ ತಿಂಗಳುಗಳಲ್ಲೇ ಮುಖ್ಯಶಿಕ್ಷಕರನ್ನು ಕಂಡು ವಿಚಾರಿಸಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಬಸದಿಯ ಪಾಠಶಾಲೆಗೆ ಬರುವ ಮಕ್ಕಳಲ್ಲಿ ಎಂಟನೇ ತರಗತಿಯವರು ಯಾರಿದ್ದಾರೆ ಎಂದು ಊರಿನ ಹಿರಿಯರು ಒಮ್ಮೆ ಕೇಳಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿ ವಾರಕ್ಕೊಂದು ಗಂಟೆ ಬಿಡಿಸಲು ಕೂರಿಸಿದರೆ ಅದೂ ಶಾಸ್ತ್ರದಾನವೇ. ಈ ಪರೀಕ್ಷೆಗೆ ಎರಡನೇ ಅವಕಾಶವಿಲ್ಲ. ಮಗು ಎಂಟನೇ ತರಗತಿಯಲ್ಲಿರುವುದು ಒಂದೇ ವರ್ಷ.