ಮುಲ್ಕಿ, ಡೆಪ್ಯುಟಿ, ಓಜ: ಶಾಲೆಯ ಮಾತುಗಳೊಳಗಿನ ಮನುಷ್ಯರು



ಈ ಸಲದ ಬರಹ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತದೆ. ತಪ್ಪು ನನ್ನದೇ.

ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಒಬ್ಬ ಹುಡುಗ ಕರೆ ಮಾಡಿದ್ದ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಕನ್ನಡ ಮಾತಾಡಲು ಬರುತ್ತದೆ, ಓದಲು ಅಷ್ಟಕ್ಕಷ್ಟೆ. ಮನೆ ಬದಲಾಯಿಸುವಾಗ ಮುತ್ತಜ್ಜನ ಟ್ರಂಕಿನಲ್ಲಿ ಒಂದು ಹಳೆಯ ಕಾಗದ ಸಿಕ್ಕಿತಂತೆ. "ಮೇಡಂ, ಇದು ಮುಲ್ಕಿ ಪರೀಕ್ಷೆ ಪಾಸಾದದ್ದು ಅಂತ ಅಪ್ಪ ಹೇಳ್ತಾರೆ. ಮುಲ್ಕಿ ಅಂದರೆ ಏನು?" ಎಂದು ಕೇಳಿದ. ನಾನು ಕರಾವಳಿಯ ಕಡೆಯವಳು. ಹಿಂದೆಮುಂದೆ ನೋಡದೆ, "ಮಂಗಳೂರು–ಉಡುಪಿ ದಾರಿಯಲ್ಲಿ ಮೂಲ್ಕಿ ಅಂತ ಊರಿದೆಯಲ್ಲ, ಅಲ್ಲಿ ನಡೆದ ಪರೀಕ್ಷೆ ಇರಬೇಕು" ಎಂದುಬಿಟ್ಟೆ. ಹಾಡು ಹಾಕಿದೆ.

ಹಾಡು ಮುಗಿಯುವ ಮುಂಚೆಯೇ ಡೊಂಬಿವಲಿಯಿಂದ ಫೋನು. ಬಾಗಲಕೋಟೆ ಕಡೆಯ ಅಜ್ಜಿ. "ಯವ್ವಾ, ಮುಲ್ಕಿ ಅಂದ್ರ ಊರಲ್ಲವಾ, ಪರೀಕ್ಷಾ. ನಮ್ಮಪ್ಪ ಮುಲ್ಕಿ ಪಾಸಾಗಿದ್ದಕ್ಕ ಸಾಲಿ ಮಾಸ್ತರ ಆದ. ಅವ ಮಾಸ್ತರ ಆಗಿದ್ದಕ್ಕ ನಾವು ಆರು ಮಕ್ಕಳು ಉಂಡ್ವಿ."

ಬಿ.ಎ.ಯಲ್ಲಿ ಕನ್ನಡ ಓದಿದವಳು ನಾನು. ನಾಚಿಕೆಯಾಯಿತು. ಆ ರಾತ್ರಿಯೇ ಪುಸ್ತಕ ತೆರೆದು ಕೂತೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

'ಮುಲ್ಕ್' ಎಂದರೆ ಅರಬ್ಬಿಯಲ್ಲಿ ರಾಜ್ಯ, ನಾಡು. 'ಮುಲ್ಕಿ' ಎಂದರೆ ನಾಡಿಗೆ ಸೇರಿದ್ದು. ಹೈದರಾಬಾದಿನ ಶ್ರೋತೃಗಳಿಗೆ ಈ ಶಬ್ದ ಬೇರೆ ದಾರಿಯಿಂದ ಪರಿಚಿತ. ನಿಜಾಮರ ಕಾಲದಲ್ಲಿ ಸ್ಥಳೀಯರಿಗೇ ನೌಕರಿ ಎಂದು ಮಾಡಿದ 'ಮುಲ್ಕಿ ನಿಯಮ' 1969ರ ತೆಲಂಗಾಣ ಚಳವಳಿಯಲ್ಲಿ ಎಲ್ಲರ ಬಾಯಲ್ಲಿತ್ತು. ಅಲ್ಲಿ ಮುಲ್ಕಿ ಎಂದರೆ ನಾಡಿನವನು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಕಡೆ, ಅಂದರೆ ಹಳೆಯ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ, ಮುಲ್ಕಿ ಎಂದರೆ ನಾಡಿನ ಭಾಷೆಯಲ್ಲಿ ಕಲಿತು ಏಳನೆಯ ಇಯತ್ತೆ ಮುಗಿಸಿ ಬರೆಯುವ ಪರೀಕ್ಷೆ. ಅದೇ ಕಾಲದ ಮೈಸೂರಿನವರು 'ಎಲ್.ಎಸ್.' ಎನ್ನುತ್ತಿದ್ದರು, ಲೋಯರ್ ಸೆಕೆಂಡರಿ. ಕನ್ನಡ ಒಂದೇ ಆದರೂ ಆಳುವವರು ಬೇರೆ ಬೇರೆ, ಹಾಗಾಗಿ ಪರೀಕ್ಷೆಯ ಹೆಸರೂ ಬೇರೆ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ನನಗೆ ಮುಲ್ಕಿ ಗೊತ್ತಿಲ್ಲದ್ದಕ್ಕೆ ಇದೊಂದು ನೆವ, ಅಷ್ಟೆ!

ಮುಲ್ಕಿ ಪಾಸಾದರೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಗೆ ದಾರಿ ತೆರೆಯುತ್ತಿತ್ತು. ಬನವಾಸಿಯ ಬಡ ಮನೆಯಲ್ಲಿ 1886ರಲ್ಲಿ ಹುಟ್ಟಿದ ಒಬ್ಬ ಹುಡುಗ ಹಾಗೆಯೇ ಮುಲ್ಕಿ ಮುಗಿಸಿ ಶಿರಸಿಯಲ್ಲಿ ಮಾಸ್ತರನಾದ. ಸ್ವದೇಶಿ ಚಳವಳಿಯ ಬಿಸಿ ತಟ್ಟಿ ಸರಕಾರಿ ಕೆಲಸ ಬಿಟ್ಟ. 1906ರಲ್ಲಿ ದಾವಣಗೆರೆಯಲ್ಲಿ 'ಧನುರ್ಧಾರಿ' ಪತ್ರಿಕೆ ಶುರು ಮಾಡಿದ. 1913ರಲ್ಲಿ ಅದೇ ಊರಿನಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ. ಕರ್ನಾಟಕದ ಗಾಂಧಿ ಎಂದು ಜನ ಕರೆದ ಹರ್ಡೇಕರ ಮಂಜಪ್ಪನವರು ಇವರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅವರ ಕೈಲಿದ್ದದ್ದು ಆ ಹುಡುಗನ ಟ್ರಂಕಿನಲ್ಲಿ ಸಿಕ್ಕಂಥದೇ ಒಂದು ಕಾಗದ.

ಮಾಸ್ತರರ ಮೇಲೆ ಒಬ್ಬರು ಸಾಹೇಬರು. ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ, 'ಇನಿಸ್ಪೆಕ್ಟರು ಬರ್ತಾರ' ಎಂದರೆ ಹಿಂದಿನ ದಿನವೇ ಶಾಲೆಗೆ ಸಗಣಿ ಸಾರಣೆ, ಬಾಗಿಲಿಗೆ ತೋರಣ. ಈ ಶಾಲಾ ತಪಾಸಣೆಯ ಅಧಿಕಾರಿಗಳಲ್ಲಿ ಒಂದು ದರ್ಜೆ 'ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್'. ಈ ಉದ್ದ ಹುದ್ದೆಯ ಮೊದಲ ತುಂಡು ಒಬ್ಬರ ಹೆಸರಿಗೇ ಅಂಟಿಕೊಂಡಿತು. ಅವರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಡೆಪ್ಯುಟಿ ಎಂಬುದು ಅವರ ಮನೆತನದ ಹೆಸರು ಎಂದುಕೊಂಡವರೂ ಇದ್ದಾರೆ. ಅಲ್ಲ, ಅದು ನೌಕರಿ.

ಧಾರವಾಡದ ಚನ್ನಬಸಪ್ಪನವರು ಓದಲು ಹೋದದ್ದು ಪುಣೆಗೆ. ಆಗ ಧಾರವಾಡ, ಬೆಳಗಾವಿಯ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿಯಲ್ಲಿ ಮಗ್ಗಿ ಹೇಳಬೇಕು. ಮರಾಠಿ ಬಾರದ್ದರಿಂದ ಚನ್ನಬಸಪ್ಪನವರು ಕನ್ನಡ ಕೇಳಿದ್ದಲ್ಲ. ಪುಣೆಯಲ್ಲಿ ಓದಿದವರಿಗೆ ಆ ಭಾಷೆ ಚೆನ್ನಾಗಿಯೇ ಗೊತ್ತಿತ್ತು. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಪಾಠ ನಡೆಯಲಿ ಎಂಬುದೊಂದೇ ಅವರ ಹಟ. ಹೊಸ ಕನ್ನಡ ಶಾಲೆಗಳಿಗಾಗಿ ದುಡಿದರು, ಧಾರವಾಡದ ಶಿಕ್ಷಕರ ತರಬೇತಿ ಶಾಲೆಯನ್ನು ನಡೆಸಿದರು. ಕನ್ನಡದಲ್ಲಿ ಓದಲು ಪುಸ್ತಕ ಎಲ್ಲಿ ಎಂದವರಿಗೆ ತಾವೇ ಬರೆದು ಕೊಟ್ಟರು. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' 1871ರಲ್ಲಿ ಅವರ ಕೈಯಲ್ಲಿ 'ನಗದವರನ್ನು ನಗಿಸುವ ಕಥೆ' ಆಯಿತು. ಪುಣೆಯಲ್ಲಿರುವ ನಮ್ಮ ಶ್ರೋತೃಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು: ಕನ್ನಡ ಶಾಲೆಗಳ ಈ ಕಾವಲುಗಾರ ಕಲಿತದ್ದು ನಿಮ್ಮ ಊರಿನಲ್ಲಿ.

ಇನ್ನು ಅಜ್ಜಿ ಹೇಳಿದ 'ಮಾಸ್ತರ' ಶಬ್ದ. ಇದು ಇಂಗ್ಲಿಷಿನ 'ಮಾಸ್ಟರ್' ಎಂದು ಯಾರಾದರೂ ಹೇಳುತ್ತಾರೆ. ಅದರ ಅಣ್ಣ ಒಬ್ಬ ನಮ್ಮಲ್ಲಿ ಇನ್ನೂ ಮೊದಲೇ ಬಂದು ನೆಲೆಸಿದ್ದ. ಅವನೇ 'ಮೇಸ್ತ್ರಿ'. ಇದು ಬಟಾಟೆ, ಪಾದ್ರಿಗಳ ಹಾಗೆ ಪೋರ್ಚುಗೀಸರಿಂದ ಬಂದ ಮಾತು. ಅವರ 'ಮೆಸ್ತ್ರೆ' ಎಂದರೆ ಗುರು, ಕೆಲಸದಲ್ಲಿ ಪಳಗಿದವನು. ಎರಡೂ ಶಬ್ದಗಳ ಮೂಲ ಲ್ಯಾಟಿನ್ನಿನ ಒಂದೇ ಮಾತು. ಒಬ್ಬ ಶಾಲೆಗೆ ಹೋದ, ಇನ್ನೊಬ್ಬ ಗಾರೆ ಕೆಲಸಕ್ಕೆ ಹೋದ!

ನಮ್ಮ ಕನ್ನಡದಲ್ಲೂ ಇಂಥದೇ ಒಂದು ಶಬ್ದ ಇದೆ, 'ಓಜ'. ಸಂಸ್ಕೃತದ 'ಉಪಾಧ್ಯಾಯ' ಪ್ರಾಕೃತದಲ್ಲಿ ಸವೆದು ಸವೆದು ಕನ್ನಡಕ್ಕೆ 'ಓಜ' ಆಗಿ ಬಂತು. ದೆಹಲಿಯ ಶ್ರೋತೃಗಳೇ, ನಿಮ್ಮ ಪಕ್ಕದ ಮನೆಯ ಓಝಾ ಅವರೂ ಝಾ ಅವರೂ ಇದೇ ಶಬ್ದದ ಕವಲುಗಳು. ಕನ್ನಡದಲ್ಲಿ ಓಜ ಎಂದರೆ ಗುರು, ಜೊತೆಗೆ ಶಿಲ್ಪಿ, ಬಡಗಿ ಕೂಡ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರನ್ನು ನೋಡಿದ್ದೀರಲ್ಲ? ಅವುಗಳಲ್ಲಿ ಕೆಲವನ್ನು ಕಡೆದು ಹೆಸರು ಕೊರೆದವನು ಬಳ್ಳಿಗಾವೆಯ ದಾಸೋಜ. ಮಗ ಚಾವಣನ ಹೆಸರೂ ಅಲ್ಲಿದೆ. ದಾಸ ಮತ್ತು ಓಜ ಸೇರಿ ದಾಸೋಜ. ಉಳಿ ಹಿಡಿದವನನ್ನೂ ಓಲೆ ಹಿಡಿದವನನ್ನೂ ಒಂದೇ ಮಾತಿನಿಂದ ಕರೆದ ಜನ ನಮ್ಮವರು. ಕೈಕೆಲಸವನ್ನು ಓದಿಗಿಂತ ಕೀಳೆಂದು ನೋಡುವಾಗ ಈ ಶಬ್ದವನ್ನು ನೆನೆಯಬೇಕು.

ದಾಸೋಜನ ಬಳ್ಳಿಗಾವೆಯ ಪಕ್ಕದಲ್ಲೇ ತಾಳಗುಂದ. ಅಲ್ಲಿಯ ಐದನೆಯ ಶತಮಾನದ ಕಂಬದ ಶಾಸನ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತದೆ. ಅವನು ಗುರು ವೀರಶರ್ಮನೊಡನೆ ಕಂಚಿಯ 'ಘಟಿಕೆ'ಗೆ ಓದಲು ಹೋದ. ಘಟಿಕೆ ಎಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಯಿತು. ಅವಮಾನ ತಾಳಲಾರದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯವನ್ನು ಕಟ್ಟಿದ ಮಯೂರಶರ್ಮ ಅವನೇ. 1975ರಲ್ಲಿ ಡಾ. ರಾಜ್‌ಕುಮಾರ್ 'ಮಯೂರ'ನಾಗಿ ನಮ್ಮೆಲ್ಲರ ಮನಸ್ಸಿನಲ್ಲಿ ಕೂತದ್ದು ದೇವುಡು ಅವರ ಕಾದಂಬರಿಯಿಂದ. ಚೆನ್ನೈಯ ಶ್ರೋತೃಗಳು ಕಂಚಿಗೆ ಹೋದಾಗ ಸೀರೆಯ ಜೊತೆಗೆ ಈ ಕಥೆಯನ್ನೂ ನೆನೆದುಕೊಳ್ಳಿ. ಇಂದು ವಿಶ್ವವಿದ್ಯಾಲಯಗಳು ಪದವಿ ಕೊಡುವ ದಿನಕ್ಕೆ ಕನ್ನಡದಲ್ಲಿ 'ಘಟಿಕೋತ್ಸವ' ಎನ್ನುತ್ತೇವೆ. ಕಪ್ಪು ಗೌನು, ಟೊಪ್ಪಿ ಹೊರಗಿನಿಂದ ಬಂದವು. ಹೆಸರು ಮಾತ್ರ ಆ ಹಳೆಯ ಘಟಿಕೆಯದು.

ಮುಂಬಯಿ ಕನ್ನಡಿಗರಿಗೂ ತಮ್ಮದೇ ಒಂದು ಶಬ್ದವಿದೆ, 'ರಾತ್ರಿಶಾಲೆ'. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕನ್ನಡದಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಆಫೀಸು ಸೇರಿದವರು ಈ ಊರಿನಲ್ಲಿ ಎಷ್ಟೋ ಮಂದಿ. ಅವರ ಮೊಮ್ಮಕ್ಕಳಿಗೆ ಈ ಶಬ್ದ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಅಜ್ಜ ಪಟ್ಟ ಪಾಡೂ ಗೊತ್ತಾಗುವುದಿಲ್ಲ.

ಮುಂದಿನ ವಾರ ಆ ಹುಡುಗನಿಗೆ ನಾನೇ ಫೋನು ಮಾಡಿ ತಪ್ಪು ತಿದ್ದಿಕೊಂಡೆ. ಮುಲ್ಕಿ ಎಂದರೇನು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮುತ್ತಜ್ಜ ಟೀಚರ್ ಆಗಿದ್ರಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳು ಎಂದೆ. "ಅಪ್ಪಾ..." ಎಂದು ಕೂಗುತ್ತ ಓಡಿದ. ಫೋನು ಇಡುವುದನ್ನೂ ಮರೆತಿದ್ದ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕಾಗದ ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಅರ್ಥವಾಗದ ಶಬ್ದವಿದ್ದರೆ ನಮಗೆ ಬರೆಯಿರಿ. ಈ ಸಲ ಪುಸ್ತಕ ನೋಡಿಯೇ ಉತ್ತರ ಹೇಳುತ್ತೇನೆ.